ಪ್ರಯೋಗಾಲಯದ ರೇಖೆ 14.7 ಎನ್ನುತ್ತದೆ, ಕ್ಯಾನಿಸ್ಟರ್ 8.2 ಎನ್ನುತ್ತದೆ: ಉಳಿದ ಮೀಥೇನ್ ಎಲ್ಲಿ ಹೋಯಿತು?

ಸ್ತರವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ಭೂವಿಜ್ಞಾನ ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಕಲ್ಲಿದ್ದಲಿನಲ್ಲಿ ಅಡಗಿರುವ ಮೀಥೇನ್ ನನ್ನ ಪ್ರಬಂಧದ ವಿಷಯ. ಎರಡು ತಿಂಗಳಿನಿಂದ ಒಂದು ಲೆಕ್ಕ ಕೂಡಿಬರುತ್ತಿಲ್ಲ. ದಯವಿಟ್ಟು ತಿಳಿದವರು ನೋಡಿ.

ಒಂದೇ ಕೊಳವೆಬಾವಿಯಿಂದ, ಒಂದೇ ಸ್ತರದಿಂದ ತೆಗೆದ ಎರಡು ಕೋರ್ ತುಂಡುಗಳು, ಅಂದರೆ ಕೊರೆದು ತೆಗೆದ ಕಂಬದಂಥ ಮಾದರಿಗಳು, ನನ್ನ ಬಳಿ ಇವೆ. ಆಳ ಸುಮಾರು 520 ಮೀಟರ್. ಎರಡರ ನಡುವಿನ ಅಂತರ ಒಂದೂವರೆ ಮೀಟರ್ ಅಷ್ಟೇ. 'ಅ' ತುಂಡು ಗಾಜಿನಂತೆ ಮಿರುಗುತ್ತದೆ, ಬೆರಳಿನಿಂದ ಒತ್ತಿದರೆ ಸಣ್ಣ ಚೌಕಗಳಾಗಿ ಬಿರಿಯುತ್ತದೆ, ಬಿರಿದ ಮುಖಗಳ ಮೇಲೆ ತೆಳುವಾದ ಬಿಳಿಯ ಪೊರೆ ಇದೆ. 'ಬ' ತುಂಡು ಮಂಕು, ಗಟ್ಟಿ, ಕೈಗೆ ಭಾರ. 'ಅ'ದಲ್ಲಿ ಬೂದಿ 12%, ತೇವಾಂಶ 1.8%. 'ಬ'ದಲ್ಲಿ ಬೂದಿ 31%, ತೇವಾಂಶ 1.6%. ಎರಡರ ವಿಟ್ರಿನೈಟ್ ಪ್ರತಿಫಲನವೂ (ಕಲ್ಲಿದ್ದಲು ಎಷ್ಟು ಪಕ್ವವಾಗಿದೆ ಎಂಬುದರ ಅಳತೆ) 1.1%ರ ಆಸುಪಾಸು, ಅಂದರೆ ಎರಡೂ ನಡು ಪಕ್ವತೆಯ ಬಿಟುಮಿನಸ್, ಒಂದೇ ಪಕ್ವತೆಯವು.

ಕ್ಯಾನಿಸ್ಟರಿನಲ್ಲಿ, ಅಂದರೆ ಗಾಳಿಯಾಡದ ಡಬ್ಬಿಯಲ್ಲಿ, ಮುಚ್ಚಿಟ್ಟು ಅಳೆದಾಗ ಬಂದ ಅಂಕಿಗಳು ಹೀಗಿವೆ. 'ಅ': ಕೋರ್ ಮೇಲಕ್ಕೆ ಬರುವಾಗ ಸೋರಿದ್ದೆಂದು ಅಂದಾಜಿಸಿದ್ದು 0.9, ಅರುವತ್ತು ದಿನಗಳಲ್ಲಿ ಬಿಡುಗಡೆಯಾದದ್ದು 6.4, ಕೊನೆಗೆ ಅರೆದಾಗ ಸಿಕ್ಕಿದ್ದು 0.9. ಒಟ್ಟು ಟನ್ನಿಗೆ 8.2 ಘನ ಮೀಟರ್. 'ಬ': ಕ್ರಮವಾಗಿ 1.6, 4.5, 0.2. ಒಟ್ಟು 6.3. ಅಚ್ಚರಿಯೆಂದರೆ 'ಬ' ತನ್ನ ಒಟ್ಟು ಅನಿಲದ ಮೂರನೇ ಎರಡು ಭಾಗವನ್ನು ಒಂದೂವರೆ ದಿನದಲ್ಲೇ ಬಿಟ್ಟುಕೊಟ್ಟಿತು. 'ಅ'ಕ್ಕೆ ಅಷ್ಟಕ್ಕೇ ಹನ್ನೊಂದು ದಿನ ಬೇಕಾಯಿತು.

'ಅ'ದ ಪುಡಿಯನ್ನು ಬೇರೊಂದು ಪ್ರಯೋಗಾಲಯಕ್ಕೆ ಕಳುಹಿಸಿ ಅಧಿಶೋಷಣೆಯ ಸಮತಾಪ ರೇಖೆಯನ್ನು, ಅಂದರೆ ಒಂದೇ ಉಷ್ಣಾಂಶದಲ್ಲಿ ಯಾವ ಒತ್ತಡಕ್ಕೆ ಎಷ್ಟು ಅನಿಲ ಅಂಟುತ್ತದೆ ಎಂದು ತೋರಿಸುವ ರೇಖೆಯನ್ನು, ಪಡೆದೆ. ಲ್ಯಾಂಗ್ಮ್ಯೂರ್ ಗಾತ್ರ (ಹಿಡಿಯಬಲ್ಲ ಗರಿಷ್ಠ ಅನಿಲ) ಟನ್ನಿಗೆ 22 ಘನ ಮೀಟರ್, ಲ್ಯಾಂಗ್ಮ್ಯೂರ್ ಒತ್ತಡ (ಅದರ ಅರ್ಧ ತುಂಬುವ ಒತ್ತಡ) 2.5 ಮೆಗಾಪಾಸ್ಕಲ್, 'ಒಣ, ಬೂದಿರಹಿತ ಆಧಾರ' ಎಂದು ವರದಿಯಲ್ಲಿದೆ. ಸ್ತರದ ಒತ್ತಡ 5 ಮೆಗಾಪಾಸ್ಕಲ್. ಸೂತ್ರಕ್ಕೆ ಹಾಕಿದರೆ 22 × 5 ÷ 7.5, ಅಂದರೆ 14.7. ಸಿಕ್ಕಿದ್ದು ಮಾತ್ರ 8.2. ಸೋರಿಕೆಯಾಗಿದೆ ಎಂದು ಮಾರ್ಗದರ್ಶಕರು ಹೇಳುತ್ತಾರೆ, ಆದರೆ ಸೋರಿಕೆಯನ್ನು ಸೇರಿಸಿಯೇ 8.2 ಬಂದಿದೆ. ಸ್ತರ ಅರ್ಧ ಖಾಲಿಯಾಗಿದೆ ಎಂದು ಬರೆದುಬಿಡಲೇ? ಬಡ ಕಲ್ಲಿದ್ದಲಾದ 'ಬ' ಅಷ್ಟು ಬೇಗ ಅನಿಲ ಬಿಟ್ಟದ್ದು ಹೇಗೆ?

ಕೋರ್‌ಪೆಟ್ಟಿಗೆ

ಬರೆಯಬೇಡಿ. ಇನ್ನೂ ಬರೆಯಬೇಡಿ.

ಹತ್ತೊಂಬತ್ತು ವರ್ಷಗಳಿಂದ ಕ್ಯಾನಿಸ್ಟರುಗಳ ಮುಂದೆ ಕುಳಿತು ಅಳತೆಗೊಳವೆಯಲ್ಲಿ ನೀರಿಳಿಯುವುದನ್ನು ನೋಡುತ್ತಾ ಬಂದಿದ್ದೇನೆ. ನಿಮ್ಮ ಅಳತೆಯಲ್ಲಿ ನನಗೆ ದೊಡ್ಡ ತಪ್ಪು ಕಾಣುತ್ತಿಲ್ಲ. ಬದಲಿಗೆ, ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ತಕ್ಕಡಿಯಲ್ಲಿ ಇಟ್ಟಿದ್ದೀರಿ.

ಮೊದಲು ಬೂದಿ. ಮೀಥೇನ್ ಅಂಟಿಕೊಳ್ಳುವುದು ಕಲ್ಲಿದ್ದಲಿನ ಸಾವಯವ ಭಾಗಕ್ಕೆ. ಜೇಡಿ, ಸ್ಫಟಿಕ, ಕಾರ್ಬೊನೇಟ್ ಇವೆಲ್ಲ ತೂಕಕ್ಕೆ ಸೇರುತ್ತವೆ, ಅನಿಲಕ್ಕೆ ಹೆಚ್ಚುಕಡಿಮೆ ಏನನ್ನೂ ಸೇರಿಸುವುದಿಲ್ಲ. ನಿಮ್ಮ 8.2 ಬೂದಿಯೂ ನೀರೂ ಸೇರಿದ ಇಡೀ ತುಂಡಿನ ಟನ್ನಿಗೆ. ರೇಖೆಯ 14.7 ಬೂದಿಯಿಲ್ಲದ, ನೀರಿಲ್ಲದ ಟನ್ನಿಗೆ. 'ಅ'ದಲ್ಲಿ ಸಾವಯವ ಪಾಲು 0.862. ಆದ್ದರಿಂದ 8.2 ÷ 0.862, ಅಂದರೆ 9.5. 'ಬ'ದಲ್ಲಿ ಆ ಪಾಲು 0.674. 6.3 ÷ 0.674 ಮಾಡಿದರೆ 9.3. ಈ ಎರಡು ಅಂಕಿಗಳನ್ನು ಸ್ವಲ್ಪ ಹೊತ್ತು ನೋಡಿ. ಬಡ ಕಲ್ಲಿದ್ದಲು ಎಂದು ನೀವು ಕರೆದದ್ದು ಬಡವಾಗಿಲ್ಲ. ಕಲ್ಲು ಬೆರೆತ ಕಲ್ಲಿದ್ದಲು ಅದು. ಅದರಲ್ಲಿರುವ ಇದ್ದಲಿನ ಪಾಲು ನೆರೆಯದಷ್ಟೇ ಅನಿಲ ಹಿಡಿದಿದೆ. ಒಂದೂವರೆ ಮೀಟರ್ ಅಂತರದಲ್ಲಿ, ಒಂದೇ ಒತ್ತಡ ಮತ್ತು ಒಂದೇ ಶಾಖದಲ್ಲಿ ಇದ್ದ ಎರಡು ತುಂಡುಗಳು ಹೀಗೆ ಹೊಂದಿಕೊಂಡಿರುವುದು ನಿಮ್ಮ ಕ್ಯಾನಿಸ್ಟರ್ ಕೆಲಸ ನಂಬಿಕೆಗೆ ಅರ್ಹ ಎಂಬುದಕ್ಕೆ ಒಳ್ಳೆಯ ಗುರುತು.

ಈಗ ನೀರು. ಇಲ್ಲಿ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಾನೇ ಇಲ್ಲಿ ಎಡವಿದ್ದೇನೆ.

ಕಲ್ಲಿದ್ದಲು ಅನಿಲವನ್ನು ಹಿಡಿಯುವುದು ಬಾಟಲಿ ಹಿಡಿದಂತೆ ಅಲ್ಲ. ಬಹುಪಾಲು ಮೀಥೇನ್ ಎರಡು ನ್ಯಾನೊಮೀಟರಿಗಿಂತ ಕಿರಿದಾದ ಸೂಕ್ಷ್ಮರಂಧ್ರಗಳ ಗೋಡೆಗೆ ಅಂಟಿ, ದ್ರವದ ಸಾಂದ್ರತೆಗೆ ಹತ್ತಿರವಾಗಿ ಒತ್ತೊತ್ತಾಗಿ ಕೂತಿರುತ್ತದೆ. ಒಂದು ಗ್ರಾಂ ಕಲ್ಲಿದ್ದಲಿನ ಒಳಗೋಡೆಗಳನ್ನು ಬಿಡಿಸಿ ಹಾಸಿದರೆ ನೂರಾರು ಚದರ ಮೀಟರ್ ಆಗಬಹುದು. ಮೀಥೇನ್ ಅಣುವಿನ ಅಡ್ಡಳತೆ 0.38 ನ್ಯಾನೊಮೀಟರ್. ಕೆಲವು ರಂಧ್ರಗಳ ಬಾಯಿ ಅದಕ್ಕಿಂತ ಸ್ವಲ್ಪವೇ ಅಗಲ. ಅಂಥ ಬಾಯಿಯಲ್ಲಿ ಒಂದು ನೀರಿನ ಅಣು ಕುಳಿತರೆ ಹಿಂದಿನ ಇಡೀ ಕೋಣೆ ಮೀಥೇನಿಗೆ ಮುಚ್ಚಿಹೋಗುತ್ತದೆ. ನೀರು ಇಷ್ಟಪಟ್ಟು ಕೂರುವುದು ಆಮ್ಲಜನಕ ಇರುವ ತಾಣಗಳ ಮೇಲೆ. ಎಳೆಯ ಕಲ್ಲಿದ್ದಲಿನಲ್ಲಿ ಅವು ಹೆಚ್ಚು, ಆದ್ದರಿಂದ ಲಿಗ್ನೈಟಿನಂಥವು ತೇವದಿಂದ ಬಹಳ ಕಳೆದುಕೊಳ್ಳುತ್ತವೆ. ಪಕ್ವವಾದಂತೆ ಆ ತಾಣಗಳು ಕಡಿಮೆಯಾಗುತ್ತವೆ, ಆದರೂ ನಿಮ್ಮಂಥ ಬಿಟುಮಿನಸ್ ಕಲ್ಲಿದ್ದಲಿನಲ್ಲಿ ಒಂದೆರಡು ಶೇಕಡಾ ತೇವವೇ ಸಾಕಷ್ಟು ಜಾಗ ಕಸಿದುಕೊಳ್ಳುತ್ತದೆ. ಇದಕ್ಕೊಂದು ಮಿತಿಯೂ ಇದೆ. ಒಳಗಿನ ತಾಣಗಳೆಲ್ಲ ತುಂಬಿದ ಮೇಲೆ ಇನ್ನೆಷ್ಟು ನೀರು ಸುರಿದರೂ ಅದು ಹೊರಗೆ ನಿಲ್ಲುತ್ತದೆ, ಹಿಡಿಯುವ ಶಕ್ತಿ ಮತ್ತೆ ಇಳಿಯುವುದಿಲ್ಲ. ಅಮೆರಿಕ ಸರ್ಕಾರದ ಗಣಿ ಸಂಶೋಧನಾ ಸಂಸ್ಥೆಯಾಗಿದ್ದ ಬ್ಯೂರೋ ಆಫ್ ಮೈನ್ಸ್‌ನ ಸಂಶೋಧಕರು ಇದನ್ನು 1970ರ ದಶಕದ ಆರಂಭದಲ್ಲೇ ತೋರಿಸಿದ್ದರು.

ನನ್ನ ವೃತ್ತಿಯ ಮೂರನೇ ವರ್ಷ ಹನ್ನೊಂದು ಮಾದರಿಗಳ ಸಮತಾಪ ರೇಖೆ ತೆಗೆಯುವ ಕೆಲಸ ಬಂತು. ಸಮಯ ಕಡಿಮೆ ಇತ್ತು. ಪುಡಿಗಳನ್ನು ರಾತ್ರಿಯಿಡೀ 105 ಡಿಗ್ರಿ ಓವನ್‌ನಲ್ಲಿ ಒಣಗಿಸಿ ನೇರವಾಗಿ ಉಪಕರಣಕ್ಕೆ ಹಾಕಿದೆ. ರೇಖೆಗಳು ಸುಂದರವಾಗಿ ಬಂದವು, ಚುಕ್ಕೆಗಳೆಲ್ಲ ಒಂದೇ ಗೆರೆಯ ಮೇಲೆ. ಹನ್ನೊಂದಕ್ಕೆ ಹನ್ನೊಂದೂ ತಪ್ಪು. ನೆಲದಡಿಯಲ್ಲಿ ಎಂದೂ ಇಲ್ಲದ ಒಣ ಕಲ್ಲಿದ್ದಲಿನ ಶಕ್ತಿಯನ್ನು ನಾನು ಅಳೆದಿದ್ದೆ. ಆ ವರದಿಯನ್ನು ನಂಬಿ ಸ್ತರದಲ್ಲಿ ಅನಿಲ ಬಹಳ ಕೊರತೆಯಿದೆ ಎಂದು ತೀರ್ಮಾನವೂ ಆಗಿಹೋಗಿತ್ತು. ತಪ್ಪನ್ನು ಒಪ್ಪಿಕೊಂಡು ಹನ್ನೊಂದನ್ನೂ ಮತ್ತೆ ಮಾಡಿದೆ. ಅಂದಿನಿಂದ ಯಾವ ವರದಿ ಕೈಗೆ ಬಂದರೂ ಮೊದಲು ಹುಡುಕುವುದು ಒಂದೇ ಸಾಲು: ಮಾದರಿಯನ್ನು ಸಮತೋಲ ತೇವಾಂಶಕ್ಕೆ ತರಲಾಗಿತ್ತೇ? ಅಂದರೆ 30 ಡಿಗ್ರಿಯಲ್ಲಿ, 96ರಿಂದ 97% ಸಾಪೇಕ್ಷ ಆರ್ದ್ರತೆಯಲ್ಲಿ, ತೂಕ ಬದಲಾಗದೆ ನಿಲ್ಲುವವರೆಗೆ ದಿನಗಟ್ಟಲೆ ಇಟ್ಟಿದ್ದರೇ?

ಇಲ್ಲಿ ಒಂದು ಸೂಕ್ಷ್ಮ ಇದೆ. 'ಒಣ, ಬೂದಿರಹಿತ ಆಧಾರ' ಎಂಬುದು ಲೆಕ್ಕ ಒಪ್ಪಿಸುವ ರೀತಿ. ಪರೀಕ್ಷೆಯ ವೇಳೆ ಪುಡಿ ಒಣಗಿತ್ತೋ ತೇವವಾಗಿತ್ತೋ ಎಂಬುದನ್ನು ಆ ಮಾತು ಹೇಳುವುದಿಲ್ಲ. ತೇವದ ಪುಡಿಯಲ್ಲಿ ಅಳೆದು, ಅಂಕಿಯನ್ನು ಒಣ ಆಧಾರಕ್ಕೆ ತಿರುಗಿಸಿ ಬರೆಯುವುದೂ ಸರಿಯಾದ ಪದ್ಧತಿಯೇ. ಎರಡನ್ನೂ ಕೇಳಿ ತಿಳಿದುಕೊಳ್ಳಿ. ಜೊತೆಗೆ ಉಷ್ಣಾಂಶ ಎಷ್ಟಿತ್ತು? ಸ್ತರದ ಉಷ್ಣಾಂಶ ಎಷ್ಟು? ಬಿಸಿ ಏರಿದಷ್ಟೂ ಅಣುಗಳು ಗೋಡೆ ಬಿಟ್ಟು ಹಾರುತ್ತವೆ, ಶಕ್ತಿ ಇಳಿಯುತ್ತದೆ.

'ಬ' ಏಕೆ ವೇಗ ಎಂಬುದಕ್ಕೆ ಉತ್ತರಿಸುವ ಮೊದಲು ನನಗೆ ಎರಡು ವಿಷಯ ಬೇಕು. ಸೂಕ್ಷ್ಮದರ್ಶಕದಲ್ಲಿ 'ಬ' ಹೇಗೆ ಕಾಣುತ್ತದೆ? 'ಅ'ದ ಬಿಳಿಯ ಪೊರೆಗೆ ಸೌಮ್ಯ ಹೈಡ್ರೊಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟು ನೋಡಿದ್ದೀರಾ?

ಗಾಳಿಬಾಗಿಲು

ಕೋರ್‌ಪೆಟ್ಟಿಗೆ ಅವರ ಮಾತೆಲ್ಲ ಸರಿ. ಆದರೂ ನೆಲದಡಿಯಲ್ಲಿ ಗಾಳಿಯ ಸಂಚಾರ ನೋಡಿಕೊಳ್ಳುವ ಕೆಲಸ ಮಾಡಿದವನಾಗಿ ನನ್ನದೊಂದು ಒತ್ತಾಯ. ವಿದ್ಯಾರ್ಥಿಯ ಅಂಕಿಗಳಲ್ಲಿ ಅತಿ ಮುಖ್ಯವಾದದ್ದು 8.2 ಅಲ್ಲ, 6.3 ಅಲ್ಲ. ಒಂದೂವರೆ ದಿನ ಮತ್ತು ಹನ್ನೊಂದು ದಿನ ಎಂಬುದೇ ಮುಖ್ಯ.

ಗಾಳಿಯಲ್ಲಿ ಮೀಥೇನ್ 5ರಿಂದ 15%ರ ನಡುವೆ ಇದ್ದರೆ ಸ್ಫೋಟಿಸುತ್ತದೆ, 9.5%ರ ಹತ್ತಿರ ಅತಿ ಭೀಕರವಾಗಿ. ಕತ್ತರಿಸುವ ಮುಖದಲ್ಲಿ ನಿಂತವನಿಗೆ ಕಲ್ಲಿದ್ದಲಿನಲ್ಲಿ ಒಟ್ಟು ಎಷ್ಟಿದೆ ಎಂಬುದಕ್ಕಿಂತ, ಒಡೆದ ಮೊದಲ ನಿಮಿಷಗಳಲ್ಲಿ ಎಷ್ಟು ಹೊರಬರುತ್ತದೆ ಎಂಬುದು ಜೀವದ ಪ್ರಶ್ನೆ. ನಿಧಾನವಾಗಿ ಬಿಡುವ ಕಲ್ಲಿದ್ದಲಿನ ಅನಿಲವನ್ನು ಗಾಳಿಯ ಹರಿವು ತೆಳುವಾಗಿಸಿ ಒಯ್ದುಬಿಡುತ್ತದೆ, ಎಷ್ಟೋ ಭಾಗ ಇದ್ದಲಿನ ಜೊತೆಗೇ ಗಣಿಯಿಂದ ಹೊರಗೆ ಹೋಗಿರುತ್ತದೆ. ತಟ್ಟನೆ ಬಿಡುವುದು ಅಪಾಯ.

ಭೂಸ್ತರ ಜಾರಿದ ಬಿರುಕಿನ ಬಳಿ ಕಲ್ಲಿದ್ದಲು ಅರೆದು ಹಿಟ್ಟಾಗಿರುತ್ತದೆ. ಹಿಡಿಯುವ ಶಕ್ತಿ ಅಕ್ಕಪಕ್ಕದ ಗಟ್ಟಿ ಇದ್ದಲಿನದಕ್ಕೆ ಹೆಚ್ಚುಕಡಿಮೆ ಸಮವೇ. ಬದಲಾಗಿರುವುದು ದಾರಿಯ ಉದ್ದ. ಅಣು ವಿಸರಣೆಯಿಂದ ಹೊರಬರಲು ಹಿಡಿಯುವ ಸಮಯ ದಾರಿಯ ವರ್ಗಕ್ಕೆ ಅನುಗುಣ. ತುಣುಕಿನ ಗಾತ್ರ ಹತ್ತರಲ್ಲಿ ಒಂದಾದರೆ ಸಮಯ ನೂರರಲ್ಲಿ ಒಂದಾಗುತ್ತದೆ. ಮೇಲಾಗಿ ಅರೆದ ಇದ್ದಲಿಗೆ ಗಟ್ಟಿತನ ಇಲ್ಲ, ಅನಿಲದ ತಳ್ಳುವಿಕೆಯನ್ನು ತಡೆಯಲಾರದು. ಆಗ ಇದ್ದಲೂ ಅನಿಲವೂ ಒಟ್ಟಿಗೆ ಸಿಡಿದು ಸುರಂಗಕ್ಕೆ ನುಗ್ಗುತ್ತವೆ. ಅಂಥ ಜಾಗಕ್ಕೆ ಹತ್ತಿರವಾಗುತ್ತಿದ್ದಂತೆ ಮುಖದಿಂದ ಚಟಚಟ ಸದ್ದು ಕೇಳಿಸುತ್ತಿದ್ದದ್ದು, ಕೊರೆದ ರಂಧ್ರದಿಂದ ಬರಬೇಕಾದ್ದಕ್ಕಿಂತ ಹೆಚ್ಚು ಪುಡಿ ಸುರಿಯುತ್ತಿದ್ದದ್ದು ನನಗೆ ಇಂದಿಗೂ ನೆನಪಿದೆ. ಆ ಪುಡಿಯನ್ನು ಕೂಡಲೇ ಸಣ್ಣ ಪಾತ್ರೆಗೆ ಹಾಕಿ ಮೊದಲ ನಿಮಿಷಗಳ ಒತ್ತಡವನ್ನು ಅಳೆಯುತ್ತಿದ್ದೆವು. ಅಂಕಿ ಏರಿದರೆ ಕೆಲಸ ನಿಲ್ಲಿಸಿ, ಮುಂದಕ್ಕೆ ಉದ್ದ ರಂಧ್ರ ಕೊರೆದು ಅನಿಲ ಹೊರಗೆಳೆದ ಮೇಲೆಯೇ ಮುಂದುವರಿಯುತ್ತಿದ್ದೆವು.

ಪ್ರಬಂಧದಲ್ಲಿ ಬಿಡುಗಡೆಯ ವೇಗಕ್ಕೆ ಒಂದು ಪೂರ್ಣ ಅಧ್ಯಾಯ ಕೊಡಿ. ಅಡಿಟಿಪ್ಪಣಿಯಾಗಿ ಬಿಡಬೇಡಿ.

ಕೋರ್‌ಪೆಟ್ಟಿಗೆ

ಗಾಳಿಬಾಗಿಲು ಅವರೇ, ನಿಮ್ಮ ಮಾತಿಗೆ ತಲೆಬಾಗುತ್ತೇನೆ. ಒಂದು ತಿದ್ದುಪಡಿ ಮಾತ್ರ. ವರ್ಗದ ನಿಯಮ ಕೊನೆಯವರೆಗೆ ನಡೆಯುವುದಿಲ್ಲ. ಕಲ್ಲಿದ್ದಲಿನೊಳಗೆ ಬರಿಗಣ್ಣಿಗೆ ಕಾಣದ ಬಿರುಕುಗಳ ಜಾಲ ಮೊದಲೇ ಇರುತ್ತದೆ. ತುಣುಕು ದೊಡ್ಡದಿದ್ದರೂ ಅಣು ನಡೆಯಬೇಕಾದ್ದು ಹತ್ತಿರದ ಬಿರುಕಿನವರೆಗೆ ಅಷ್ಟೇ. ತುಣುಕನ್ನು ಆ ಬಿರುಕುಗಳ ನಡುವಿನ ಅಂತರಕ್ಕಿಂತ ಸಣ್ಣದಾಗಿ ಒಡೆದಾಗ ಮಾತ್ರ ವೇಗ ನಿಜವಾಗಿ ನೆಗೆಯುತ್ತದೆ. ನಿಮ್ಮ ಬಿರುಕುವಲಯದ ಹಿಟ್ಟು ಈ ಮಿತಿಯನ್ನು ದಾಟಿರುತ್ತದೆ, ಅದಕ್ಕೇ ಅಷ್ಟು ಭಯಂಕರ.

ಸ್ತರವಿದ್ಯಾರ್ಥಿ

ಇಬ್ಬರಿಗೂ ಮನಃಪೂರ್ವಕ ವಂದನೆಗಳು. 9.5 ಮತ್ತು 9.3 ನೋಡಿ ನಾಲ್ಕು ಸಲ ಲೆಕ್ಕ ಮಾಡಿದೆ. ಎರಡು ತಿಂಗಳು ಕಣ್ಣೆದುರೇ ಇದ್ದದ್ದು ನನಗೆ ಕಂಡಿರಲಿಲ್ಲ.

ಪ್ರಯೋಗಾಲಯಕ್ಕೆ ಬರೆದು ಕೇಳಿದೆ. ನಿಮ್ಮ ಸಂಶಯ ನಿಜ. ಪುಡಿಯನ್ನು ಒಣಗಿಸಿಯೇ ಅಳೆದಿದ್ದಾರೆ, ಅದೂ 25 ಡಿಗ್ರಿಯಲ್ಲಿ. ಸ್ತರದ ಉಷ್ಣಾಂಶ 42 ಡಿಗ್ರಿ. ಸಮತೋಲ ತೇವಾಂಶದಲ್ಲಿ, 42 ಡಿಗ್ರಿಯಲ್ಲಿ ಮತ್ತೊಮ್ಮೆ ಅಳೆಯಲು ಒಪ್ಪಿದ್ದಾರೆ.

ಬಿಳಿಯ ಪೊರೆಗೆ ಆಮ್ಲ ಬಿಟ್ಟೆ. ಕೂಡಲೇ ನೊರೆ ಎದ್ದಿತು. ಕ್ಯಾಲ್ಸೈಟ್ ತಾನೆ? 'ಬ'ದ ಒಂದು ತುಂಡನ್ನು ಉಜ್ಜಿ ನಯಗೊಳಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಇನರ್ಟಿನೈಟ್ (ಸುಟ್ಟ ಅಥವಾ ಆಮ್ಲಜನಕ ತಗುಲಿದ ಸಸ್ಯಭಾಗದಿಂದಾದ ಘಟಕ) ಬಹಳ ಇದೆ. ಮರದ ಜೀವಕೋಶಗಳ ಗೋಡೆಗಳು ಜರಡಿಯಂತೆ ಸ್ಪಷ್ಟವಾಗಿ ಉಳಿದಿವೆ, ಕೋಶಗಳ ಒಳಗು ಬಹುತೇಕ ಖಾಲಿ. ಜೇಡಿ ಬೇರೆಯಾಗಿ ಪಟ್ಟಿಪಟ್ಟಿಯಾಗಿ ಇದೆ.

ಇನ್ನೊಂದು ಪ್ರಶ್ನೆ. ಸ್ತರದ ಒತ್ತಡವನ್ನು ಎಷ್ಟಕ್ಕೆ ಇಳಿಸಿದರೆ ಅನಿಲ ಹೊರಡುತ್ತದೆ ಎಂದು ಹಳೆಯ ರೇಖೆಯಿಂದ ಲೆಕ್ಕ ಹಾಕಿದ್ದೆ. 8.2ಕ್ಕೆ ಸರಿಹೊಂದುವ ಒತ್ತಡ 1.5 ಮೆಗಾಪಾಸ್ಕಲ್ ಬಂದಿತ್ತು. ಅದನ್ನೂ ಅಳಿಸಬೇಕೇ?

ಕೋರ್‌ಪೆಟ್ಟಿಗೆ

ಅಳಿಸಲೇಬೇಕು. ಅದರ ಬಗ್ಗೆ ಒತ್ತಡಮಾಪಕ ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ, ಅವರು ಈ ಚರ್ಚೆಯನ್ನು ನೋಡುತ್ತಿದ್ದಾರೆ ಎಂದು ಭಾವಿಸುತ್ತೇನೆ.

ನಾನು ವೇಗದ ಪ್ರಶ್ನೆಗೆ ಬರುತ್ತೇನೆ. ನೀವು ಕಂಡ ಜರಡಿಯೇ ಉತ್ತರದ ಮೊದಲ ಅರ್ಧ. ಹೊಳಪಿನ ಕಲ್ಲಿದ್ದಲಿನಲ್ಲಿ ಪ್ರಧಾನವಾದ ವಿಟ್ರಿನೈಟ್ ಸೂಕ್ಷ್ಮರಂಧ್ರಗಳಿಂದ ತುಂಬಿದೆ. ಒಳಗೋಡೆ ಹೆಚ್ಚು, ಆದ್ದರಿಂದ ಸಾಮಾನ್ಯವಾಗಿ ಹಿಡಿಯುವ ಶಕ್ತಿಯೂ ಹೆಚ್ಚು. ಆದರೆ ಅಣು ಒಂದು ಇಕ್ಕಟ್ಟಿನಿಂದ ಇನ್ನೊಂದು ಇಕ್ಕಟ್ಟಿಗೆ ನುಸುಳುತ್ತಾ ಹೊರಬರಬೇಕು. ಇನರ್ಟಿನೈಟಿನಲ್ಲಿ ದೊಡ್ಡ ರಂಧ್ರಗಳ ಪಾಲು ಹೆಚ್ಚು, ಕೋಶಗಳ ಖಾಲಿ ಒಳಗು ಪಡಸಾಲೆಯಂತೆ. ಗೋಡೆ ಬಿಟ್ಟ ಅಣು ಬೇಗ ಬಯಲಿಗೆ ಬೀಳುತ್ತದೆ. ಅದೇ ಕೋಶಗಳಲ್ಲಿ ಜೇಡಿ ಅಥವಾ ಕ್ಯಾಲ್ಸೈಟ್ ತುಂಬಿಕೊಂಡಿದ್ದರೆ 'ಬ' ಕೂಡ ನಿಧಾನವಾಗುತ್ತಿತ್ತು. ಬೂದಿ 31% ಇದ್ದರೂ ಅದು ಪಟ್ಟಿಯಾಗಿ ಬೇರೆ ನಿಂತಿದೆ ಎಂದು ನೀವು ಗಮನಿಸಿದ್ದು ಬಹಳ ಬೆಲೆಯುಳ್ಳ ಮಾತು. ಬೂದಿ ಎಷ್ಟು ಎಂಬುದು ಶಕ್ತಿಯನ್ನು ತಗ್ಗಿಸುತ್ತದೆ, ಬೂದಿ ಎಲ್ಲಿ ಕುಳಿತಿದೆ ಎಂಬುದು ವೇಗವನ್ನು ನಿರ್ಧರಿಸುತ್ತದೆ.

ಉಳಿದರ್ಧ ಕ್ಯಾಲ್ಸೈಟ್. 'ಅ' ಚೌಕವಾಗಿ ಬಿರಿಯುವುದು ಕ್ಲೀಟ್‌ಗಳಿಂದ, ಅಂದರೆ ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿ ಸೀಳಿರುವ ಸಹಜ ಬಿರುಕುಗಳಿಂದ. ಉದ್ದಕ್ಕೆ ಹರಿದದ್ದು ಮುಖ್ಯ ಕ್ಲೀಟ್, ಅದಕ್ಕೆ ಬಂದು ತಾಗಿ ನಿಲ್ಲುವುದು ಅಡ್ಡ ಕ್ಲೀಟ್. ಹೊಳಪಿನ ಪಟ್ಟಿಯಲ್ಲಿ ಇವು ಒತ್ತಾಗಿರುತ್ತವೆ. ಅವು ತೆರೆದಿದ್ದರೆ 'ಅ' ನಿಮ್ಮನ್ನು ಬೇರೆ ರೀತಿಯಲ್ಲಿ ಬೆರಗುಗೊಳಿಸುತ್ತಿತ್ತು. ಹೊಳಪಿನ ಕಲ್ಲಿದ್ದಲೇ ಬೇಗ ಬಿಡುವ ಸ್ತರಗಳನ್ನೂ ನಾನು ಕಂಡಿದ್ದೇನೆ. ಇಲ್ಲಿ ಹೆದ್ದಾರಿಗೇ ಸುಣ್ಣ ಬಳಿದಂತಾಗಿದೆ. ಆದ್ದರಿಂದ 'ಮಂಕು ಕಲ್ಲಿದ್ದಲು ವೇಗ, ಹೊಳಪಿನದು ನಿಧಾನ' ಎಂದು ನಿಯಮದಂತೆ ಬರೆಯಬೇಡಿ. ಈ ಸ್ತರದಲ್ಲಿ, ಈ ಕಾರಣಕ್ಕೆ, ಹೀಗೆ ಎಂದು ಬರೆಯಿರಿ.

ಸೋರಿಕೆಯ ಅಂದಾಜಿನ ಬಗ್ಗೆಯೂ ಒಂದು ಮಾತು. 1970ರಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡು, 1973ರಲ್ಲಿ ಬ್ಯೂರೋ ಆಫ್ ಮೈನ್ಸ್ ಅಳವಡಿಸಿಕೊಂಡ ನೇರ ವಿಧಾನವನ್ನೇ ನೀವೂ ಬಳಸಿದ್ದೀರಿ: ಮೊದಲ ಗಂಟೆಗಳ ಬಿಡುಗಡೆಯನ್ನು ಸಮಯದ ವರ್ಗಮೂಲದ ಎದುರು ಗುರುತಿಸಿ, ಸರಳ ರೇಖೆಯನ್ನು ಹಿಂದಕ್ಕೆ ಎಳೆಯುವುದು. 'ಅ'ದಂಥ ನಿಧಾನಿಗೆ ಇದು ಚೆನ್ನಾಗಿ ನಡೆಯುತ್ತದೆ. 'ಬ'ದಂಥ ವೇಗಿಯಲ್ಲಿ ಆ ರೇಖೆ ಬೇಗನೆ ಬಾಗುತ್ತದೆ. ಬಾಗಿದ ಮೇಲಿನ ಚುಕ್ಕೆಗಳನ್ನೂ ಸೇರಿಸಿ ಎಳೆದರೆ ಸೋರಿಕೆ ನಿಜಕ್ಕಿಂತ ಕಡಿಮೆ ಬರುತ್ತದೆ. ನಿಮ್ಮ 1.6ರ ಹಿಂದೆ ಎಷ್ಟು ಚುಕ್ಕೆಗಳಿವೆ? ಕೊಳವೆಯಲ್ಲಿ ನೀರು ತುಂಬಿದ್ದರೆ ಶೂನ್ಯ ಸಮಯವನ್ನು, ಅಂದರೆ ಸೋರಿಕೆ ಆರಂಭವಾದ ಕ್ಷಣವನ್ನು, ಕೋರ್ ಅರ್ಧ ದಾರಿ ಮೇಲೆ ಬಂದ ಕ್ಷಣಕ್ಕೆ ಹಿಡಿದಿರಾ? ಕ್ಯಾನಿಸ್ಟರ್ ಮೊದಲಿನಿಂದಲೂ 42 ಡಿಗ್ರಿ ನೀರಿನ ತೊಟ್ಟಿಯಲ್ಲಿತ್ತೇ?

ಒತ್ತಡಮಾಪಕ

ಕರೆದದ್ದಕ್ಕೆ ಬಂದೆ. ನಾನು ನೋಡುವುದು ಬಾವಿಯ ಕಡೆಯಿಂದ.

ಸ್ತರದಲ್ಲಿ ಈಗ ಇರುವ ಅನಿಲ, ಅಲ್ಲಿನ ಒತ್ತಡದಲ್ಲಿ ಅದು ಹಿಡಿಯಬಲ್ಲ ಅನಿಲಕ್ಕಿಂತ ಕಡಿಮೆಯಿದ್ದರೆ, ಒತ್ತಡ ಇಳಿಸಲು ತೊಡಗಿದ ತಕ್ಷಣ ಮೀಥೇನ್ ಬರುವುದಿಲ್ಲ. ಬರೀ ನೀರು ಬರುತ್ತದೆ. ರೇಖೆಯನ್ನು ಮುಟ್ಟುವವರೆಗೂ ನೀರನ್ನೇ ಎತ್ತುತ್ತಿರಬೇಕು. ಮುಟ್ಟುವ ಬಿಂದುವೇ ಬಿಡುಗಡೆಯ ನಿರ್ಣಾಯಕ ಒತ್ತಡ. ನಿಮ್ಮ ಹಳೆಯ ಲೆಕ್ಕದಂತೆ 5ರಿಂದ 1.5ಕ್ಕೆ ಇಳಿಸಬೇಕು, ಅಂದರೆ ನೀರಿನ ಮಟ್ಟವನ್ನು ಸುಮಾರು 350 ಮೀಟರ್ ತಗ್ಗಿಸಿದ ಮೇಲೆ ಮೊದಲ ಗುಳ್ಳೆ. ಹಾಗೆ ಬರೆದರೆ ಆ ಸ್ತರದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಹೊಸ ರೇಖೆ ಬರುವವರೆಗೆ ಕಾಯಿರಿ.

ಭೂಮಿ ಮೇಲೆದ್ದು ತಣ್ಣಗಾದಾಗ ಕಲ್ಲಿದ್ದಲಿನ ಹಿಡಿಯುವ ಶಕ್ತಿ ಹೆಚ್ಚುತ್ತದೆ, ಆದರೆ ಹೊಸ ಅನಿಲ ಹುಟ್ಟುವುದಿಲ್ಲ. ಸ್ತರಗಳು ನಿಜವಾಗಿಯೂ ಕೊರತೆಯಲ್ಲಿರುವುದಕ್ಕೆ ಇದೊಂದು ಸಾಮಾನ್ಯ ಕಾರಣ. ಆದ್ದರಿಂದ ತಿದ್ದಿದ ಮೇಲೂ ಸ್ವಲ್ಪ ಕೊರತೆ ಉಳಿದರೆ ಗಾಬರಿಯಾಗಬೇಡಿ.

ಲ್ಯಾಂಗ್ಮ್ಯೂರ್ ರೇಖೆಯ ಆಕಾರವನ್ನು ಒಮ್ಮೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. 1918ರಲ್ಲಿ ರಸಾಯನವಿಜ್ಞಾನಿ ಲ್ಯಾಂಗ್ಮ್ಯೂರ್ ಅದನ್ನು ಬರೆದದ್ದು ಗಾಜು, ಅಭ್ರಕ, ಪ್ಲಾಟಿನಮ್‌ಗಳ ಸಮತಟ್ಟು ಮೇಲ್ಮೈಗೆ. ಸಮತಟ್ಟು ಎಂಬುದೇ ಇಲ್ಲದ ಕಲ್ಲಿದ್ದಲಿಗೂ ಅದು ಇಷ್ಟು ಚೆನ್ನಾಗಿ ಕೂಡುವುದು ನನಗೆ ಯಾವತ್ತೂ ಬೆರಗು. ರೇಖೆ ಮೇಲಿನ ಒತ್ತಡದಲ್ಲಿ ಚಪ್ಪಟೆ, ಕೆಳಗೆ ಕಡಿದು. ಹಾಗಾಗಿ ಮೇಲಿನ ಒಂದು ಮೆಗಾಪಾಸ್ಕಲ್ ಇಳಿಸಿದಾಗ ಸಿಗುವುದಕ್ಕಿಂತ ಕೊನೆಯ ಒಂದು ಮೆಗಾಪಾಸ್ಕಲ್‌ನಲ್ಲಿ ಸಿಗುವುದು ಬಹಳ ಹೆಚ್ಚು.

ಅನಿಲ ಹೊರಟ ಮೇಲೆ ಎರಡು ಶಕ್ತಿಗಳು ಎದುರುಬದುರಾಗುತ್ತವೆ. ನೀರಿನ ಒತ್ತಡ ಇಳಿದಂತೆ ಮೇಲಿನ ಬಂಡೆಯ ಭಾರ ಕ್ಲೀಟ್‌ಗಳನ್ನು ಅಮುಕಿ ಮುಚ್ಚಲು ನೋಡುತ್ತದೆ. ಅನಿಲ ಕಳೆದುಕೊಂಡ ಇದ್ದಲು ಕುಗ್ಗುತ್ತದೆ, ಕುಗ್ಗಿದಷ್ಟೂ ಕ್ಲೀಟ್‌ಗಳು ಅಗಲವಾಗುತ್ತವೆ. ಅಮೆರಿಕದ ಸ್ಯಾನ್ ವಾನ್ ಜಲಾನಯನದ ಫ್ರೂಟ್‌ಲ್ಯಾಂಡ್ ಕಲ್ಲಿದ್ದಲಿನಲ್ಲಿ ಎರಡನೆಯದು ಗೆದ್ದಿತು, ಬಾವಿಗಳು ಹಳತಾದಂತೆ ಪಾರಗಮ್ಯತೆ, ಅಂದರೆ ಅನಿಲ ಹರಿಯಲು ಬಿಡುವ ಗುಣ, ಏರಿತು. ಇದನ್ನೇ ತಿರುಗಿಸಿ ನೋಡಬಹುದು. ಅದೇ ಜಲಾನಯನದ ಆಲಿಸನ್ ಘಟಕದಲ್ಲಿ 1995ರಿಂದ 2001ರವರೆಗೆ ಇಂಗಾಲದ ಡೈಆಕ್ಸೈಡ್ ಒಳಕ್ಕೆ ತಳ್ಳಿದರು. ಮೀಥೇನಿಗಿಂತ ಅದು ಕಲ್ಲಿದ್ದಲಿಗೆ ಹೆಚ್ಚು ಬಲವಾಗಿ ಅಂಟುತ್ತದೆ. ಇದ್ದಲು ಉಬ್ಬಿತು, ದಾರಿ ಕಿರಿದಾಯಿತು, ತಳ್ಳುವ ಪ್ರಮಾಣವೇ ತಗ್ಗಿತು.

ಟನ್ನಿಗೆ ಎಷ್ಟು ಎಂಬ ಒಂದೇ ಅಂಕಿಗೆ ಸ್ತರದ ಭವಿಷ್ಯವನ್ನು ಕಟ್ಟಬೇಡಿ. ಅಮೆರಿಕದ ಪೌಡರ್ ರಿವರ್ ಜಲಾನಯನದ ಕಲ್ಲಿದ್ದಲು ಎಳೆಯದು, ಟನ್ನಿಗೆ ಹಿಡಿದಿರುವುದು ಬಹಳ ಕಡಿಮೆ, ಅದರ ಮೀಥೇನ್ ಬಹುಪಾಲು ಸೂಕ್ಷ್ಮಜೀವಿಗಳು ಮಾಡಿದ್ದು. ಆದರೆ ಸ್ತರಗಳು ದಪ್ಪ, ನೀರೂ ಅನಿಲವೂ ಸಲೀಸಾಗಿ ಹರಿಯುತ್ತವೆ. ಸಾವಿರಾರು ಬಾವಿಗಳು ಅಲ್ಲಿ ನಡೆದವು.

ಗಾಳಿಬಾಗಿಲು

ಕ್ಯಾಲ್ಸೈಟ್ ಸುದ್ದಿ ನನಗೆ ನೆಮ್ಮದಿ ಕೊಡಲಿಲ್ಲ. ಮುಚ್ಚಿದ ಕ್ಲೀಟ್ ಇರುವ ಕಲ್ಲಿದ್ದಲು ಮುಂಚಿತವಾಗಿ ಕೊರೆದ ರಂಧ್ರಕ್ಕೆ ಸುಲಭವಾಗಿ ಅನಿಲ ಬಿಡುವುದಿಲ್ಲ. ಖಾಲಿಯಾಯಿತು ಎಂದುಕೊಂಡು ಮುಂದೆ ಹೋದಾಗ ಯಂತ್ರ ಅದನ್ನು ಪುಡಿ ಮಾಡುತ್ತದೆ, ಉಳಿದದ್ದೆಲ್ಲ ಆಗ ಹೊರಬರುತ್ತದೆ. 'ಅ'ವನ್ನು ಅರೆದಾಗ ಸಿಕ್ಕ 0.9 ಚಿಕ್ಕ ಅಂಕಿಯಲ್ಲ. ಅದನ್ನು ಪ್ರಬಂಧದಲ್ಲಿ ಎತ್ತಿ ತೋರಿಸಿ.

ಸ್ತರವಿದ್ಯಾರ್ಥಿ

ಆರು ವಾರಗಳ ನಂತರ ಮರಳಿ ಬಂದಿದ್ದೇನೆ. ಹೊಸ ರೇಖೆ ಸಿಕ್ಕಿತು.

ಸಮತೋಲ ತೇವಾಂಶ, 42 ಡಿಗ್ರಿ, ಅಂಕಿಗಳು ಒಣ, ಬೂದಿರಹಿತ ಆಧಾರಕ್ಕೆ ತಿರುಗಿಸಿದವು. ಲ್ಯಾಂಗ್ಮ್ಯೂರ್ ಗಾತ್ರ 17.5, ಒತ್ತಡ 3.0. ಸ್ತರದ 5 ಮೆಗಾಪಾಸ್ಕಲ್‌ನಲ್ಲಿ 17.5 × 5 ÷ 8, ಅಂದರೆ 10.9. ಇರುವುದು 9.5. ಎಂಬತ್ತೇಳು ಶೇಕಡಾ ತುಂಬಿದೆ. ಅರ್ಧ ಖಾಲಿ ಎಂದು ಬರೆಯಹೊರಟಿದ್ದೆ.

ನಿರ್ಣಾಯಕ ಒತ್ತಡ ಈಗ 3.6 ಮೆಗಾಪಾಸ್ಕಲ್ ಬರುತ್ತದೆ. 350 ಮೀಟರ್ ಬದಲು ಸುಮಾರು 145 ಮೀಟರ್ ನೀರು ತಗ್ಗಿಸಿದರೆ ಅನಿಲ ಹೊರಡಬೇಕು. ಒತ್ತಡಮಾಪಕ ಅವರು ಹೇಳಿದ ಕಡಿದು ಇಳಿಜಾರನ್ನೂ ಲೆಕ್ಕ ಹಾಕಿ ನೋಡಿದೆ. 3.6ರಿಂದ 2.6ಕ್ಕೆ ಇಳಿಸಿದರೆ ಟನ್ನಿಗೆ 1.4 ಘನ ಮೀಟರ್ ಸಿಗುತ್ತದೆ, 2ರಿಂದ 1ಕ್ಕೆ ಇಳಿಸಿದರೆ 2.6.

ಕೋರ್‌ಪೆಟ್ಟಿಗೆ ಅವರ ಪ್ರಶ್ನೆಗಳಿಗೆ ಉತ್ತರ: ಶೂನ್ಯ ಸಮಯ ಸರಿಯಾಗಿದೆ, ತೊಟ್ಟಿಯೂ ಮೊದಲಿನಿಂದ 42 ಡಿಗ್ರಿ. ಚುಕ್ಕೆಗಳ ವಿಷಯದಲ್ಲಿ ಸಿಕ್ಕಿಬಿದ್ದೆ. 'ಬ'ದ ರೇಖೆಯನ್ನು ಮೊದಲ ನಾಲ್ಕು ಗಂಟೆಗಳ ಎಲ್ಲ ಚುಕ್ಕೆಗಳಿಂದ ಎಳೆದಿದ್ದೆ. ಬಾಗುವ ಮೊದಲಿನ ಐವತ್ತು ನಿಮಿಷಗಳನ್ನು ಮಾತ್ರ ತೆಗೆದುಕೊಂಡರೆ ಸೋರಿಕೆ 1.6ರಿಂದ 1.9ಕ್ಕೆ ಏರುತ್ತದೆ. ಒಟ್ಟು 6.6, ಸಾವಯವ ಪಾಲಿಗೆ 9.8. ಎರಡು ಅಂಕಿಗಳನ್ನೂ, ಕಾರಣವನ್ನೂ ಬರೆದಿದ್ದೇನೆ. ಅರೆದಾಗ ಸಿಕ್ಕ 0.9ಕ್ಕೆ ಗಾಳಿಬಾಗಿಲು ಅವರ ಮಾತಿನಂತೆ ಪ್ರತ್ಯೇಕ ವಿಭಾಗ ಇಟ್ಟಿದ್ದೇನೆ, ವೇಗಕ್ಕೆ ಪೂರ್ಣ ಅಧ್ಯಾಯವಿದೆ.

'ಬ'ಕ್ಕೂ ತೇವದ ರೇಖೆ ಬೇಕು ಎಂದು ಮಾರ್ಗದರ್ಶಕರೇ ಈಗ ಹೇಳುತ್ತಿದ್ದಾರೆ. ಅರ್ಧ ಕೋರ್ ಉಳಿದಿದೆ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಸರದಿ ಬರಲು ಇನ್ನೂ ಒಂದು ತಿಂಗಳಿದೆ.

ಕೋರ್‌ಪೆಟ್ಟಿಗೆ

ಬಟ್ಟೆ ಬೇಡ. ಒಂದು ತಿಂಗಳು ಗಾಳಿಗೆ ಬಿಟ್ಟರೆ ಇದ್ದಲು ಒಣಗಿ ಸೀಳುತ್ತದೆ, ಆಮ್ಲಜನಕ ತಗುಲಿ ಒಳಗೋಡೆಯ ಗುಣವೇ ಬದಲಾಗುತ್ತದೆ. ಗಾಜಿನ ಜಾಡಿಯಲ್ಲಿ ಕುದಿಸಿ ಆರಿಸಿದ ನೀರು ತುಂಬಿಸಿ ಪೂರ್ತಿ ಮುಳುಗಿಸಿ, ಮೇಲೆ ಗಾಳಿಗೆ ಜಾಗ ಬಿಡದಂತೆ ಮುಚ್ಚಿ, ತಂಪಾದ ಕತ್ತಲೆಯಲ್ಲಿಡಿ. ಮುಳುಗಿಸಿದ ದಿನಾಂಕವನ್ನು ಜಾಡಿಯ ಮೇಲೆ ಬರೆಯಿರಿ. 1.6 ಮತ್ತು 1.9 ಎರಡನ್ನೂ ಬರೆದದ್ದು ನನಗೆ ತುಂಬಾ ಸಂತೋಷ ಕೊಟ್ಟಿತು.

ಸ್ತರವಿದ್ಯಾರ್ಥಿ

ಈಗಷ್ಟೇ ಮುಳುಗಿಸಿ ಬಂದೆ. ಬಿರುಕುಗಳಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಅದು ಸಿಕ್ಕಿಕೊಂಡ ಗಾಳಿ ಎಂದು ಗೊತ್ತಿದ್ದರೂ ನಿಲ್ಲುವವರೆಗೆ ನೋಡುತ್ತಾ ನಿಂತಿದ್ದೆ. ನಿಂತ ಮೇಲೆ ಮುಚ್ಚಳ ಬಿಗಿದು ದಿನಾಂಕ ಬರೆದಿದ್ದೇನೆ.